ಮಿಲಿಟರಿ ಲಾರಿ: ಸ್ಪೇರ್ ಪಾರ್ಟಿನ ಲೆಕ್ಕ ಹಾಕಿದ್ದೀರಾ?

ಸೈನ್ಯದ ಲಾರಿ ಹಳೇದಾದ್ರೆ ನಮಗೇನು ಸ್ವಾಮಿ ಅನ್ನೋರು ಕೋಲಾರ ಜಿಲ್ಲೆಯಲ್ಲಿ ಇರಬಾರದು. 2001ರಲ್ಲಿ ಚಿನ್ನದ ಗಣಿ ಬಾಗಿಲು ಹಾಕಿದ ಮೇಲೆ ಕೆಜಿಎಫ್‌ಗೆ ಉಳಿದ ದೊಡ್ಡ ಆಸರೆ ಬೆಮೆಲ್ ಕಾರ್ಖಾನೆ. ಸೈನ್ಯಕ್ಕೆ ಭಾರಿ ಟಾಟ್ರಾ ಲಾರಿ ಕೊಟ್ಟದ್ದೂ ಇದೇ ಬೆಮೆಲ್ ಸಂಸ್ಥೆ.

ಹಿಂದಿನ ಕಥೆ ನೋಡಿ. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸ್ ಪಡೆದು 1959ರಿಂದ ಜಬಲಪುರದಲ್ಲಿ ಶಕ್ತಿಮಾನ್ ಲಾರಿ ತಯಾರಿಸಿದರು. ಗಟ್ಟಿ ಗಾಡಿ, ಸುಳ್ಳಲ್ಲ. ಆದರೆ ಅದೇ ಹಳೇ ಮಾದರಿಯನ್ನು ಮೂವತ್ತು ವರ್ಷ ದಾಟಿ ಎಳೆದರು. ಕಡೆಗೆ 1990ರ ದಶಕದಲ್ಲಿ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಬಂತು. ಅದು ಜಾಣತನದ ಕೆಲಸ. ಲೇಲ್ಯಾಂಡ್ ಅಂದ್ರೆ ನಾವು ದಿನಾ ಹತ್ತುವ ಬಸ್ಸಿನ ಕಂಪನಿ. ರಿಪೇರಿ ಬಲ್ಲ ಮೇಸ್ತ್ರಿ ಊರೂರಲ್ಲೂ ಇದ್ದಾನೆ.

ಟಾಟ್ರಾ ಕಥೆ ಬೇರೆ. 1986ರಲ್ಲಿ ಚೆಕೊಸ್ಲೊವಾಕಿಯಾದ ಜತೆ ಒಪ್ಪಂದವಾಯಿತು. ಹಳ್ಳ ದಿಣ್ಣೆಯಲ್ಲಿ ಅದರ ಸಮ ಇನ್ನೊಂದಿಲ್ಲ. ಪಿನಾಕ ರಾಕೆಟ್ ಹೊತ್ತದ್ದೂ ಅದೇ. ಆದರೆ ಎಡಕ್ಕೆ ಚಲಿಸುವ ನಮ್ಮ ದೇಶಕ್ಕೆ ಸ್ಟೇರಿಂಗೂ ಎಡಕ್ಕಿರುವ ಗಾಡಿ! ಮುಂದೆ ಓವರ್‌ಟೇಕ್ ಮಾಡೋ ಡ್ರೈವರ್ ಗತಿ ದೇವರೇ ಬಲ್ಲ. ಮೂಲ ತಯಾರಕರನ್ನು ಬಿಟ್ಟು ಬ್ರಿಟನ್ನಿನ ಕಂಪನಿಯೊಂದರ ಮೂಲಕ ಕೊಂಡರೆಂಬ ಆರೋಪದ ಮೇಲೆ 2012ರ ಮಾರ್ಚಿಯಲ್ಲಿ ಸಿಬಿಐ ಕೇಸು ದಾಖಲಿಸಿತು. ತಮಗೆ 14 ಕೋಟಿ ಲಂಚದ ಆಸೆ ತೋರಿಸಿದ್ದರೆಂದು ಸೇನಾ ಮುಖ್ಯಸ್ಥ ವಿ.ಕೆ.ಸಿಂಗ್ ಹೇಳಿದ್ದೂ ಆ ತಿಂಗಳೇ.

ಲಂಚದ ಮಾತು ಕೋರ್ಟಿಗಿರಲಿ. ನಮ್ಮ ತಕರಾರು ಲೆಕ್ಕದ್ದು. ಟೆಂಡರಿನಲ್ಲಿ ಗಾಡಿಯ ಬೆಲೆ ಮಾತ್ರ ನೋಡಿ ಕೊಳ್ಳೋದು, ಅಂಗಡಿಯವರು ಸೋವಿ ಅಂತ ಫ್ರಿಜ್ ತಂದು ಕರೆಂಟ್ ಬಿಲ್ ಮರೆತ ಹಾಗೆ. ಹದಿನೈದು ವರ್ಷದ ಸ್ಪೇರ್ ಪಾರ್ಟು, ಟೈರು, ಡೀಸೆಲ್ಲು ಸೇರಿಸಿ ರೇಟು ಕೇಳಬೇಕು. ರೇಷನ್ನು, ಜವಾನರನ್ನು ಸಾಗಿಸುವ ಮಾಮೂಲಿ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಓಡುವ ಲಾರಿಯ ಎಂಜಿನ್ನೇ ಸಾಕು. ಎಂಟು ಚಕ್ರದ ದುಬಾರಿ ಗಾಡಿ ರಾಕೆಟ್ಟಿಗೆ ಮಾತ್ರ ಇರಲಿ.

ಇನ್ನೊಂದು ಮಾತು. ಎಲ್ಲ ಗಾಡಿಯೂ ಒಟ್ಟಿಗೇ ಮುದುಕಾಗುವ ತನಕ ಕೂತು, ಆಮೇಲೆ ಒಟ್ಟಿಗೇ ಕೊಳ್ಳೋ ಚಾಳಿ ಬಿಡಬೇಕು. ಪಿನಾಕ ದಳಗಳಿಗೆಂದು 330 ವಾಹನಗಳ ಗುತ್ತಿಗೆ 2020ರಲ್ಲಿ ಬೆಮೆಲ್‌ಗೆ ಬಂತು, ಸಂತೋಷ. ಆರ್ಡರು ಒಮ್ಮೆ ರಾಶಿ, ಒಮ್ಮೆ ಬರಗಾಲ ಆದರೆ ಕಾರ್ಮಿಕನ ಓವರ್‌ಟೈಮ್ ಹೋಗುತ್ತೆ, ಅವನ ಖಾತೆ ಬರೆಯೋ ಕಿರಾಣಿ ಅಂಗಡಿಯವನಿಗೂ ಬಾಕಿ ನಿಲ್ಲುತ್ತೆ. ವರ್ಷಕ್ಕಿಷ್ಟು ಹಳೇದು ಹೊರಗೆ, ಇಷ್ಟು ಹೊಸದು ಒಳಗೆ ಎಂದು ದೆಹಲಿಯವರು ಬರೆದು ಕೊಡಲಿ. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಕೇಳ್ತಾರಾ?