ಮಣ್ಣಿನ ಜೀವಿಗೆ ಮಾಲೀಕ ಯಾರು?

ಬಟನ್ ಅಣಬೆಯ ಶೆಡ್ಡಿಗೆ ಕಳ್ಳನು ಮನೆಯವನ ವೇಷದಲ್ಲೇ ಬರುತ್ತಾನೆ. ಹುಲ್ಲು, ಕೋಳಿ ಗೊಬ್ಬರ, ಜಿಪ್ಸಂ ಕೊಳೆಸಿದ ಕಾಂಪೋಸ್ಟಿಗೆ ಅಣಬೆ ಬೀಜ ಬೆರೆಸಿದ ಮೇಲೆ ಬಿಳಿಯ ಎಳೆಗಳು ಹಬ್ಬಬೇಕಷ್ಟೆ. ಹಸಿರು ಬೂಷ್ಟು ಎಂಬ ರೋಗವೂ ಮೊದಲು ಬಿಳಿಯಾಗಿಯೇ ಹಬ್ಬುತ್ತದೆ! ಅದು ಹಸಿರಾಗಿ ಕಣ್ಣಿಗೆ ಬೀಳುವ ಹೊತ್ತಿಗೆ ಬೆಳೆ ಕೈಬಿಟ್ಟಿರುತ್ತದೆ, ಸಾಲ ಮಾತ್ರ ಉಳಿದಿರುತ್ತದೆ.

ಈ ಪಿಡುಗು 1980ರ ದಶಕದ ನಡುವೆ ಐರ್ಲೆಂಡಿನಲ್ಲಿ ತಲೆಯೆತ್ತಿತು. 1990ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಬೆಳೆಗಾರರನ್ನೂ ಹಣ್ಣು ಮಾಡಿತು. ಕಾರಣ, ಟ್ರೈಕೋಡರ್ಮ ಅಗ್ರೆಸಿವಮ್ ಎಂಬ ಶಿಲೀಂಧ್ರ. ನಮ್ಮ ಅಡಿಕೆ, ಶುಂಠಿ ಬೆಳೆಗಾರರು ರೋಗ ತಡೆಯಲೆಂದು ಕೊಂಡು ತರುವ ಟ್ರೈಕೋಡರ್ಮದ ದಾಯಾದಿಯೇ ಇದು. ಬೆನೊಮಿಲ್ ಎಂಬ ರಾಸಾಯನಿಕ ಬಳಸಿದ್ದಾಯಿತು. ಬೂಷ್ಟು ಅದಕ್ಕೂ ಒಗ್ಗಿಕೊಂಡಿತು. ಅಣಬೆಯೂ ಶಿಲೀಂಧ್ರವೇ ಆದುದರಿಂದ ಕಳ್ಳನಿಗೆ ಬಿದ್ದ ಏಟು ಮನೆಯವನಿಗೂ ತಗಲುವ ಭಯ ಬೇರೆ.

ಫ್ರಾನ್ಸಿನಲ್ಲಿ ಬೇರೆ ದಾರಿ ಹಿಡಿದರು. ಬ್ಯಾಸಿಲಸ್ ವೆಲೆಜೆನ್ಸಿಸ್ ಎಂಬ ಬ್ಯಾಕ್ಟೀರಿಯವನ್ನು ಕಾಂಪೋಸ್ಟಿಗೆ ಸೇರಿಸಿದರು. ಅದು ಬೂಷ್ಟನ್ನು ಹತ್ತಿಕ್ಕುವ ವಸ್ತುಗಳನ್ನು ಸ್ರವಿಸುತ್ತದೆ, ಅಣಬೆಯನ್ನು ಬೆಳೆಯಗೊಡುತ್ತದೆ. ರೋಗ ಬರುವ ಮೊದಲೇ ಕಾವಲಿಗೆ ನಿಲ್ಲಿಸಬೇಕು, ಅಷ್ಟೆ. ಹಸಿರಾದ ಕಾಂಪೋಸ್ಟಿಗೆ ಸುರಿದು ಪವಾಡ ಕಾಯುವವರಿಗೆ ನಾವೇನೂ ಹೇಳಲಾರೆವು.

ಈಗ ಆಸ್ತಿಯ ಪ್ರಶ್ನೆಗೆ ಬರೋಣ. ಅಲ್ಲಿ ಬಳಸುವ ತಳಿ ಸಿಕ್ಕಿದ್ದು 1995ರಲ್ಲಿ, ಕ್ಯಾಲಿಫೋರ್ನಿಯದ ಒಂದು ಪೀಚ್ ತೋಟದಲ್ಲಿ. ಅದನ್ನು ಮಾರುತ್ತಿದ್ದ ಆಗ್ರಾಕ್ವೆಸ್ಟ್ ಕಂಪನಿಯನ್ನು 2012ರಲ್ಲಿ ಜರ್ಮನಿಯ ಬೇಯರ್ 42.5 ಕೋಟಿ ಡಾಲರಿಗೆ ಕೊಂಡಿತು. ಹುಡುಕಿದ, ಬೆಳೆಸಿದ ಶ್ರಮಕ್ಕೆ ಕೂಲಿ ಸಲ್ಲಲಿ, ನಮ್ಮ ತಕರಾರಿಲ್ಲ. ಆದರೆ ಮಣ್ಣಿನಲ್ಲಿ ತಾನಾಗಿ ಹುಟ್ಟಿದ ಜೀವಿಗೆ ಫ್ರಾಂಕ್‌ಫರ್ಟಿನ ಷೇರು ಪೇಟೆಯೋ ನ್ಯೂಯಾರ್ಕಿನ ಷೇರು ಪೇಟೆಯೋ ಬೆಲೆ ಕಟ್ಟುವುದಾದರೆ, ಪಾಳಿ ಮುಗಿಸಿ ಹಿತ್ತಲಲ್ಲಿ ನಾಲ್ಕು ಚೀಲ ಅಣಬೆ ಬೆಳೆಯುವ ಗಿರಣಿ ಕಾರ್ಮಿಕನ ಗತಿಯೇನು? ಆ ಪೊಟ್ಟಣ ಮಾರುವ ಸಣ್ಣ ಅಂಗಡಿಯವನು ತಾನೇ ಹೇಳದ ಬೆಲೆಗೆ ಗಿರಾಕಿಯ ಬೈಗುಳ ತಿನ್ನಬೇಕು.

ಬ್ಯಾಸಿಲಸ್ ನಮ್ಮ ಹೊಲಗಳಲ್ಲೂ ಉಂಟು. ಹಿಮಾಚಲದ ಸೋಲನ್ನಿನಲ್ಲಿ ಜನರ ತೆರಿಗೆಯಿಂದ ನಡೆಯುವ ಅಣಬೆ ಸಂಶೋಧನಾ ಸಂಸ್ಥೆಯಿದೆ, ಹೆಸರಘಟ್ಟದಲ್ಲಿ ತೋಟಗಾರಿಕೆಯದಿದೆ. ಜನರ ದುಡ್ಡಿನಿಂದ ಅಲ್ಲಿ ಪಳಗುವ ಪ್ರತಿಯೊಂದು ತಳಿಯನ್ನೂ ಖಾಸಗಿ ಗುತ್ತಿಗೆಗೆ ಕೊಡದೆ, ಸಹಕಾರ ಸಂಘಗಳ ಮೂಲಕ ತಯಾರಿಕೆಯ ಖರ್ಚಿಗೇ ಬೆಳೆಗಾರರಿಗೆ ತಲುಪಿಸಬೇಕೆಂದು ನಾವು ಒತ್ತಾಯಿಸುತ್ತೇವೆ.