ತಕ್ಕಡಿಯ ಅಂಕಿ, ಗರ್ಭದೊಳಗಿನ ಗುರುತು

ಗರ್ಭಿಣಿಯ ತೂಕ ಮಿತಿಮೀರಿ ಏರಿದರೆ ಹುಟ್ಟುವ ಮಗುವಿಗೆ ಮುಂದೆ ಬೊಜ್ಜು ಬರುವ ಸಂಭವ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತ ಬಂದಿವೆ. ಆದರೆ ಅದಕ್ಕೆ ಕಾರಣ ತಾಯಿಯಿಂದ ಬಂದ ವಂಶವಾಹಿಯೋ, ತಾಯಿ-ಮಗು ಉಣ್ಣುವ ಒಂದೇ ಮನೆಯ ಅಡುಗೆಯೋ, ಗರ್ಭದೊಳಗಿನ ಒಂಬತ್ತು ತಿಂಗಳೋ ಎಂಬುದನ್ನು ಬೇರ್ಪಡಿಸಿ ನೋಡುವುದು ಸುಲಭವಲ್ಲ. ಮೂರನೆಯ ಸಾಧ್ಯತೆಗೆ ಬಲ ತಂದಿರುವುದು ಎಪಿಜೆನೆಟಿಕ್ಸ್, ಅಂದರೆ ವಂಶವಾಹಿಯ ಬರಹವನ್ನು ತಿದ್ದದೆಯೇ ಅದರ ಯಾವ ಭಾಗ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ನಿರ್ಧರಿಸುವ ರಾಸಾಯನಿಕ ಗುರುತುಗಳ ಅಧ್ಯಯನ. ಡಿಎನ್‌ಎಗೆ ಮೀಥೈಲ್ ಎಂಬ ಪುಟ್ಟ ಅಣುಗುಂಪು ಅಂಟಿಕೊಳ್ಳುವ ಮೀಥೈಲೀಕರಣ ಇಂಥ ಗುರುತುಗಳಲ್ಲಿ ಹೆಚ್ಚು ಪರಿಚಿತವಾದುದು.

ಈ ವಾದಕ್ಕೆ ಪದೇ ಪದೇ ಉದಾಹರಿಸುವ ಎರಡು ಸಾಕ್ಷ್ಯಗಳು ಅತಿಯಾಗಿ ಉಂಡ ತಾಯಂದಿರವಲ್ಲ ಎಂಬುದು ಗಮನಾರ್ಹ. 1944-45ರ ಚಳಿಗಾಲದಲ್ಲಿ ಜರ್ಮನ್ ದಿಗ್ಬಂಧನದಿಂದ ನೆದರ್ಲೆಂಡ್ಸ್ ಹಸಿವಿಗೆ ಸಿಕ್ಕಾಗ ಗರ್ಭದಲ್ಲಿ ಮೂಡತೊಡಗಿದ್ದವರ ಐಜಿಎಫ್2 ಎಂಬ ಬೆಳವಣಿಗೆಯ ವಂಶವಾಹಿಯಲ್ಲಿ, ಆರು ದಶಕಗಳ ಬಳಿಕವೂ, ಅವರ ಒಡಹುಟ್ಟಿದವರಿಗಿಂತ ಕಡಿಮೆ ಮೀಥೈಲ್ ಗುರುತುಗಳಿದ್ದವು. ಇಂಗ್ಲೆಂಡಿನ ಸೌತಾಂಪ್ಟನ್ ಸಂಶೋಧಕರು 2011ರಲ್ಲಿ ಹೊಕ್ಕುಳಬಳ್ಳಿಯ ಅಂಗಾಂಶದಲ್ಲಿ ಗುರುತಿಸಿದ ಇಂಥದೇ ಬದಲಾವಣೆ, 9ನೆಯ ವಯಸ್ಸಿನ ಮಗುವಿನ ಕೊಬ್ಬಿನೊಂದಿಗೂ, ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿ ತಿಂದ ಪಿಷ್ಟಾಹಾರದ ಕೊರತೆಯೊಂದಿಗೂ ತಳುಕು ಹಾಕಿಕೊಂಡಿತ್ತು.

ಹಾಗಾದರೆ ತೂಕದ ಪಾಲೆಷ್ಟು? ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ 42,133 ತಾಯಂದಿರ 91,045 ಮಕ್ಕಳನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ, ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿ ವಂಶ ಮತ್ತು ಮನೆಯ ಪ್ರಭಾವವನ್ನು ಬಹುಮಟ್ಟಿಗೆ ಬದಿಗಿಟ್ಟಿತು. ತಾಯಿಯ ತೂಕದಲ್ಲಿ ಏರಿದ ಪ್ರತಿ ಕಿಲೋಗೆ, ಸುಮಾರು 12ರ ವಯಸ್ಸಿನ ಮಗುವಿನ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಕೇವಲ 0.022ರಷ್ಟು ಹೆಚ್ಚಿತ್ತು. ಪರಿಣಾಮ ನಿಜ, ಆದರೆ ಸಣ್ಣದು. ಮಗುವಿನ ಬೊಜ್ಜಿಗೆ ತಾಯಿಯನ್ನೇ ಹೊಣೆ ಮಾಡುವವರಿಗೆ ಇದು ಆಧಾರವಾಗದು.

ಭಾರತದ ಮಟ್ಟಿಗೆ ತೂಕಕ್ಕಿಂತ ಸಕ್ಕರೆಯ ಪ್ರಶ್ನೆ ದೊಡ್ಡದು. ತಾಯಿಯ ರಕ್ತದ ಗ್ಲೂಕೋಸ್ ಮಾಸನ್ನು ದಾಟಿ ಶಿಶುವನ್ನು ತಲುಪುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೀಗಾಗಿ ಶಿಶುವಿನ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸ್ರವಿಸಿ, ಮಿಕ್ಕ ಸಕ್ಕರೆಯನ್ನು ಕೊಬ್ಬಾಗಿ ಕೂಡಿಡುತ್ತದೆ. ಮಿಷನ್ ಆಸ್ಪತ್ರೆಯೆಂದೇ ಮೈಸೂರಿನವರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ, ಮಕ್ಕಳ ತೋಳಿನ ಹಿಂಬದಿಯ ಮತ್ತು ಹೆಗಲ ಹಲಗೆಯ ಕೆಳಗಿನ ಚರ್ಮವನ್ನು ಮಡಿಚಿ ಹಿಡಿದು ಅದರ ದಪ್ಪವನ್ನು ಅಳೆದಾಗ, ಗರ್ಭಾವಧಿಯ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5ನೆಯ ವಯಸ್ಸಿಗೇ ಹೆಚ್ಚು ಕೊಬ್ಬು ಕಂಡಿತು. ಗಂಡುಮಕ್ಕಳಲ್ಲಿ ಆ ವಯಸ್ಸಿಗೆ ಈ ವ್ಯತ್ಯಾಸವಿರಲಿಲ್ಲ. ಹುಟ್ಟುವಾಗ ಹಗುರವಾಗಿದ್ದೂ ಮೈಯಲ್ಲಿ ಕೊಬ್ಬು ಉಳಿಸಿಕೊಂಡಿರುವ ಭಾರತೀಯ ಶಿಶುಗಳ ವೈಚಿತ್ರ್ಯವನ್ನು ಪುಣೆಯ ಸಂಶೋಧಕರು ಮೊದಲೇ ತೋರಿಸಿದ್ದರು. ತಕ್ಕಡಿಯ ಅಂಕಿಯೊಂದನ್ನೇ ನಂಬಿದರೆ ಇದಾವುದೂ ಕಾಣದು.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ, ಬಸುರಿಗೆ ಮುಂಚೆ ತೆಳ್ಳಗಿದ್ದವರಿಗೆ 12.5ರಿಂದ 18 ಕಿಲೋ, ಸ್ಥೂಲಕಾಯದವರಿಗೆ 5ರಿಂದ 9 ಕಿಲೋ ಎಂದು ಬೇರೆ ಬೇರೆ ಮಿತಿಗಳನ್ನು ಸೂಚಿಸಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಶೇ 30ರಷ್ಟು ಮಂದಿಯ ತೂಕ ಹೆಚ್ಚು, ಶೇ 17ರಷ್ಟು ಮಂದಿಯದು ಕಡಿಮೆ; ಇಷ್ಟು ಅಂತರವಿರುವಲ್ಲಿ 'ಎರಡು ಜೀವಕ್ಕಾಗುವಷ್ಟು ತಿನ್ನು' ಎಂಬ ಹಿರಿಯರ ಮಾತಾಗಲಿ, ಎಲ್ಲರಿಗೂ ಒಂದೇ ಎಂಬ ಆಹಾರದ ಲೆಕ್ಕವಾಗಲಿ ಸಾಲದು. ಬಸುರಿಯ ತೂಕವನ್ನು ಆಕೆಯ ಎತ್ತರ ಮತ್ತು ಆರಂಭದ ತೂಕದೊಂದಿಗೆ ಇಟ್ಟು ಓದಬೇಕು. ಗರ್ಭಿಣಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ರಕ್ತ ನೋಡುವ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೆಯ ವಾರದಲ್ಲಿ ಮತ್ತೊಮ್ಮೆ ಮಾಡಬೇಕೆಂದು ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ; ತಾಯಿ ಕಾರ್ಡ್ ಹಿಡಿದು ಹೋದವರು ತೂಕ ನೋಡಿಸಿಕೊಂಡು ಮರಳದೆ ಆ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಬೇಕು.