ಅಗ್ಗದ ಗಿಟಾರೂ ಶ್ರುತಿಯಲ್ಲಿರಬೇಕು

“ಈ ರೇಟಿಗೆ ಇಷ್ಟೇ ಬರೋದು.” ಹೊಸ ಚಪ್ಪಲಿ ಕಿತ್ತುಹೋದರೂ ಇದೇ ಮಾತು, ಹೊಸ ಮಿಕ್ಸಿ ಕೆಟ್ಟರೂ ಇದೇ ಮಾತು. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೊಂದು ಗಾದೆಯೇ ಇದೆ: ‘ಮೆಹಂಗಾ ರೋಯೆ ಏಕ್ ಬಾರ್, ಸಸ್ತಾ ರೋಯೆ ಬಾರ್ ಬಾರ್’. ದುಬಾರಿ ವಸ್ತು ಕೊಂಡವನು ಒಮ್ಮೆ ಅಳುತ್ತಾನೆ, ಅಗ್ಗದ್ದು ಕೊಂಡವನು ಮತ್ತೆ ಮತ್ತೆ ಅಳುತ್ತಾನೆ ಎಂದರ್ಥ. ಗಾದೆಯಲ್ಲಿ ಅನುಭವವಿದೆ. ಆದರೆ ಅದು ತಪ್ಪನ್ನೆಲ್ಲ ಕೊಂಡವನ ತಲೆಗೆ ಕಟ್ಟುತ್ತದೆ, ಮಾರಿದವನ ಬಗ್ಗೆ ಏನೂ ಹೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಈದಿಯಲ್ಲಿ ಬಂದ ಹಣಕ್ಕೆ ಟ್ಯೂಷನ್ ಹೇಳಿ ಗಳಿಸಿದ್ದನ್ನು ಸೇರಿಸಿ, ಈ ರಜೆಯಲ್ಲಿ ಆನ್‌ಲೈನ್‌ನಲ್ಲಿ 8,500 ರೂಪಾಯಿಯ ಒಂದು ಎಲೆಕ್ಟ್ರಿಕ್ ಗಿಟಾರ್ ತರಿಸಿದೆ. ನೋಡಲು ಚೆಂದವಿದೆ. ಆದರೆ ಫ್ರೆಟ್‌ಗಳ ತುದಿ ನೆಕ್‌ನ ಅಂಚಿನಿಂದ ಹೊರಚಾಚಿ ಬೆರಳಿಗೆ ಚುಚ್ಚುತ್ತವೆ. ಏಳನೇ ಫ್ರೆಟ್ ಉಳಿದವುಗಳಿಗಿಂತ ಎತ್ತರವಿರುವುದರಿಂದ ಆರನೇ ಫ್ರೆಟ್ ಒತ್ತಿದಾಗ ತಂತಿ ಅದಕ್ಕೆ ತಗುಲಿ ‘ಜರ್’ ಎನ್ನುತ್ತದೆ. ನಟ್‌ನ ಗೀರುಗಳನ್ನು ಸಾಕಷ್ಟು ಆಳವಾಗಿ ಕೊರೆದಿಲ್ಲ. ಹಾಗಾಗಿ ಮೊದಲ ಫ್ರೆಟ್‌ನಲ್ಲಿ ತಂತಿಯನ್ನು ಹೆಚ್ಚು ಒತ್ತಬೇಕು, ಒತ್ತಿದರೆ ಸ್ವರ ಮೇಲೇರುತ್ತದೆ. ಜ್ಯಾಕ್‌ನ ಬೆಸುಗೆ ಸಡಿಲವಾಗಿ, ಕೇಬಲ್ ಅಲುಗಿದರೆ ಸದ್ದೇ ನಿಲ್ಲುತ್ತದೆ.

ಅಗ್ಗದ ಮರ, ಸಾಧಾರಣ ಪಿಕಪ್, ಹಗುರವಾದ ಟ್ಯೂನರ್ ಇದ್ದರೆ ನಾನು ದೂರುವುದಿಲ್ಲ. ಕಡಿಮೆ ಬೆಲೆಗೆ ನಾವು ಒಪ್ಪಿಕೊಂಡದ್ದು ಅದನ್ನೇ. ನಮ್ಮ ಬೀದಿಯ ದರ್ಜಿ ಹತ್ತಿ ಬಟ್ಟೆಗೂ ರೇಷ್ಮೆಗೂ ಬೇರೆ ಬೇರೆ ಕೂಲಿ ತೆಗೆದುಕೊಳ್ಳುತ್ತಾರೆ. ಹಾಗೆಂದು ಹತ್ತಿ ಅಂಗಿಗೆ ಗುಂಡಿ ಹಾಕದೆ ಕೊಡುವುದಿಲ್ಲ. ಫ್ರೆಟ್‌ನ ತುದಿಗೆ ಅರ ಹಾಕಿ ಉಜ್ಜುವುದು, ಬೆಸುಗೆ ಹಿಡಿದಿದೆಯೇ ಎಂದು ನೋಡುವುದು ಗುಂಡಿ ಹಾಕಿದಂತೆ. ಅದು ಸಾಮಗ್ರಿಯ ಮಾತಲ್ಲ, ಕೆಲಸ ಮುಗಿಸುವ ಮಾತು.

ಕಾರ್ಖಾನೆ ಈ ತಪಾಸಣೆಯ ಸಮಯವನ್ನು ಉಳಿಸಿದರೆ ಆ ವೆಚ್ಚ ಮಾಯವಾಗುವುದಿಲ್ಲ, ಕೊಂಡವರ ಜೇಬಿಗೆ ವರ್ಗವಾಗುತ್ತದೆ. ನನ್ನ ಗಿಟಾರ್ ಸರಿಮಾಡಲು ರಿಪೇರಿಯವರು 1,500 ರೂಪಾಯಿ ಕೇಳಿದರು. ಅಂದರೆ ಅದರ ನಿಜವಾದ ಬೆಲೆ 10,000. ಜಾಹೀರಾತಿನಲ್ಲಿ ಇದು ಇರಲಿಲ್ಲ.

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅಗ್ಗದ ವಾದ್ಯವನ್ನು ಹೆಚ್ಚಾಗಿ ಕೊಳ್ಳುವವರು ಹೊಸದಾಗಿ ಕಲಿಯುವವರು. ಸ್ವರ ತಪ್ಪಿದಾಗ ತಪ್ಪು ತಮ್ಮ ಬೆರಳಿನದೋ ಗಿಟಾರಿನದೋ ಎಂದು ಅವರಿಗೆ ಗೊತ್ತಾಗುವುದಿಲ್ಲ. “ನನಗೆ ಸಂಗೀತ ಬರುವುದಿಲ್ಲ” ಎಂದು ಬಿಟ್ಟುಬಿಡುತ್ತಾರೆ. ಅನುಭವಿಗಳಿಗೆ ದೋಷ ತಕ್ಷಣ ತಿಳಿಯುತ್ತದೆ. ತಿಳಿಯದವರ ಕೈಗೇ ದೋಷದ ವಸ್ತು ಹೋಗುತ್ತಿದೆ.

“ಎಂಥ ಗಿಟಾರಾದರೂ ಸೆಟಪ್ ಮಾಡಿಸಲೇಬೇಕು” ಎಂದು ಕೆಲವರು ಹೇಳುತ್ತಾರೆ. ಅರ್ಧ ನಿಜ. ಹವೆ ಬದಲಾದಂತೆ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಆದ್ದರಿಂದ ಟ್ರಸ್ ರಾಡ್ ತಿರುಗಿಸುವುದು, ತಂತಿಯ ಎತ್ತರ ಹೊಂದಿಸುವುದು ಎಲ್ಲ ಗಿಟಾರ್‌ಗಳಿಗೂ ಬೇಕು. ಆದರೆ ಸಡಿಲ ಬೆಸುಗೆ, ಎತ್ತರದ ಫ್ರೆಟ್ ಸೆಟಪ್ಪಿನ ವಿಷಯವಲ್ಲ. ಅವು ದೋಷಗಳು.

ಮಾರಾಟಗಾರರು ನನಗೂ “ಈ ರೇಟಿಗೆ ಇಷ್ಟೇ” ಎಂದೇ ಉತ್ತರಿಸಿದರು. ಕಾನೂನು ಹಾಗೆ ಹೇಳುವುದಿಲ್ಲ. ವ್ಯವಹಾರ ಅಧ್ಯಯನದಲ್ಲಿ ನಾವು ಅಂಕಕ್ಕಾಗಿ ಓದುವ ‘ಗ್ರಾಹಕ ಸಂರಕ್ಷಣೆ’ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಹದಿನೆಂಟು ತುಂಬದವರ ಪರವಾಗಿ ತಂದೆ ಅಥವಾ ತಾಯಿ ದೂರು ಕೊಡಬಹುದು. ಮೊದಲ ಹೆಜ್ಜೆಯಾಗಿ ಅಬ್ಬಾ ಹೆಸರಿನಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ, ಉತ್ತರಕ್ಕೆ ಕಾಯುತ್ತಿದ್ದೇವೆ.

ಸ್ನೇಹಿತರೇ, ನೀವೂ ಗಿಟಾರ್ ಕೊಳ್ಳುವುದಿದ್ದರೆ ವಾಪಸ್ ಅವಧಿ ಮುಗಿಯುವ ಮೊದಲೇ ಹೀಗೆ ಮಾಡಿ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ನೆಕ್‌ನ ಎರಡೂ ಅಂಚಿನ ಮೇಲೆ ಮೆಲ್ಲಗೆ ಕೈಯಾಡಿಸಿ. ಆರು ತಂತಿ, 22 ಫ್ರೆಟ್ ಇದ್ದರೆ 132 ಜಾಗ. ಪ್ರತಿಯೊಂದನ್ನೂ ಒತ್ತಿ ನುಡಿಸಿ, ‘ಜರ್’ ಎನ್ನುವುದನ್ನು ಬರೆದಿಡಿ. ಹನ್ನೆರಡನೇ ಫ್ರೆಟ್ ಮೇಲೆ ತಂತಿಯನ್ನು ಬರಿದೇ ಮುಟ್ಟಿ ನುಡಿಸಿ, ಆಮೇಲೆ ಒತ್ತಿ ನುಡಿಸಿ. ಮೊಬೈಲ್ ಟ್ಯೂನರ್‌ನಲ್ಲಿ ಎರಡೂ ಒಂದೇ ಸ್ವರ ತೋರಿಸಬೇಕು. ಆಂಪ್‌ಗೆ ಜೋಡಿಸಿ ಕೇಬಲ್ ಅಲುಗಿಸಿ ನೋಡಿ. ಬಿಲ್ಲನ್ನು ಎಸೆಯಬೇಡಿ.

ಇದೆಲ್ಲ ಕಾರ್ಖಾನೆಯವರೇ ಮಾಡಿ ಕಳಿಸಬೇಕಾದ ಕೆಲಸ. ಅವರು ಮಾಡುವವರೆಗೆ ನಾವು ಪರೀಕ್ಷಿಸೋಣ, ದೋಷವಿದ್ದರೆ ಸುಮ್ಮನಿರದೆ ವಾಪಸ್ ಕಳಿಸೋಣ. ವಾಪಸ್ ಬರುವ ಗಿಟಾರ್‌ಗಳ ಖರ್ಚು ತಪಾಸಣೆಯ ಖರ್ಚಿಗಿಂತ ಹೆಚ್ಚಾದ ದಿನ ತಪಾಸಣೆ ತಾನಾಗಿ ಶುರುವಾಗುತ್ತದೆ. ಕಡಿಮೆ ಹಣ ಕೊಟ್ಟವರೂ ಪೂರ್ತಿ ಗ್ರಾಹಕರೇ.